ಕೆಂಪು ಮಾತ್ರೆ ಯಾರಿಗಾಗಿ?



ಬಸುರಿ ಹೆಣ್ಣುಮಗಳಿರುವ ಮನೆಗಳಲ್ಲಿ ದಿನಕ್ಕೊಮ್ಮೆಯಾದರೂ ಕೇಳಿಬರುವ ಒಂದು ಮಾತಿದೆ. "ಮಾತ್ರೆ ತಗೊಂಡ್ಯೇನಮ್ಮಾ?" ಎಂದು ಅತ್ತೆಯೋ ತಾಯಿಯೋ ಗಂಡನೋ ಕೇಳುತ್ತಾರೆ. ಆಕೆ ಮುಖ ಸಿಂಡರಿಸಿದರೆ ಮುಂದಿನ ಮಾತು ಸಿದ್ಧವಾಗಿಯೇ ಇರುತ್ತದೆ: "ನಿನಗೋಸ್ಕರ ಬೇಡ, ಮಗುವಿಗೋಸ್ಕರನಾದರೂ ತಗೋಬಾರದಾ?" ಪ್ರೀತಿಯಿಂದಲೇ ಆಡುವ ಮಾತು, ಸಂದೇಹವಿಲ್ಲ. ಆದರೂ ಅದರೊಳಗೆ ಒಂದು ನೈತಿಕ ಪ್ರಶ್ನೆ ಅಡಗಿದೆ ಎಂದು ನನಗೆ ಬಹಳ ದಿನಗಳಿಂದ ಅನ್ನಿಸುತ್ತಿದೆ. ಆ ಮಾತ್ರೆ ಯಾರಿಗಾಗಿ? ಅದನ್ನು ನುಂಗದ ಹೆಣ್ಣು ತಪ್ಪು ಮಾಡುತ್ತಿದ್ದಾಳೆಯೇ? ತಪ್ಪೆಂದಾದರೆ ಅದು ಅವಳೊಬ್ಬಳದೇ?

ಗುರುಗಳಿಗೇಕೆ ಈ ವಿಷಯ ಎಂದು ಕೆಲವರು ನಗಬಹುದು. ಯಾವ ಮಾತ್ರೆ, ಎಷ್ಟು, ಯಾವಾಗ ಎಂಬುದನ್ನು ನಿಮ್ಮ ವೈದ್ಯರೇ ಹೇಳಬೇಕು. ಅವರ ಕೆಲಸಕ್ಕೆ ನಾನು ಕೈಹಾಕುವುದಿಲ್ಲ. ಆದರೆ ಕರ್ತವ್ಯ, ತಪ್ಪು, ತ್ಯಾಗ ಎಂಬ ಪದಗಳನ್ನು ಒಂದು ಮಾತ್ರೆಯ ಸುತ್ತ ನಾವು ಬಳಸತೊಡಗಿದ ಮೇಲೆ ಅದು ನೀತಿಶಾಸ್ತ್ರದ ಅಂಗಳಕ್ಕೂ ಬಂದಂತೆಯೇ ಸರಿ.

ಮೊದಲು ಮಾತ್ರೆಯ ವಿಷಯ. ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತವಾಗಿ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶವೂ 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವೂ ಇರುತ್ತವೆ. ಇಂಥ ಮಾತ್ರೆ ಹಂಚುವ ಕಾರ್ಯಕ್ರಮ ನಮ್ಮ ದೇಶದಲ್ಲಿ ಆರಂಭವಾದದ್ದು 1970ರಲ್ಲಿ. 2018ರ ‘ಅನೀಮಿಯಾ ಮುಕ್ತ ಭಾರತ’ ಕಾರ್ಯಕ್ರಮದ ಪ್ರಕಾರ ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ ಇದನ್ನು ತೆಗೆದುಕೊಳ್ಳಬೇಕು. ಸೊಪ್ಪು, ಕಾಳು ತಿಂದರೆ ಸಾಲದೇ ಎಂದು ಕೇಳುವವರಿದ್ದಾರೆ. ಗರ್ಭಿಣಿಯ ದೇಹದಲ್ಲಿ ರಕ್ತದ ಪ್ರಮಾಣ ಹೆಚ್ಚುಕಡಿಮೆ ಒಂದೂವರೆ ಪಟ್ಟಾಗುತ್ತದೆ. ಮಗುವಿಗೆ, ಮಾಸಿಗೆ, ಹೆಚ್ಚಿದ ರಕ್ತಕ್ಕೆ ಎಲ್ಲ ಸೇರಿ ಸುಮಾರು 1000 ಮಿಲಿಗ್ರಾಂ ಕಬ್ಬಿಣಾಂಶ ಬೇಕು. ನಮ್ಮ ಅನ್ನ, ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣಾಂಶದಲ್ಲಿ ದೇಹ ಹೀರಿಕೊಳ್ಳುವುದು ಸ್ವಲ್ಪ ಭಾಗವನ್ನು ಮಾತ್ರ. ಊಟವಾದ ಕೂಡಲೇ ಕುಡಿಯುವ ಚಹಾ ಆ ಸ್ವಲ್ಪವನ್ನೂ ಕಡಿಮೆ ಮಾಡುತ್ತದೆ. ನುಗ್ಗೆ ಸೊಪ್ಪು, ಹುರುಳಿ, ಮೊಟ್ಟೆ ಖಂಡಿತ ಬೇಕು. ಆದರೆ ಮದುವೆಗೆ ಮುಂಚೆಯೇ ರಕ್ತ ಕಡಿಮೆಯಿದ್ದ ಹುಡುಗಿಗೆ ಅವು ಮಾತ್ರ ಸಾಲುವುದಿಲ್ಲ.

ಹಾಗೆ ರಕ್ತ ಕಡಿಮೆಯಿರುವವರು ನಮ್ಮಲ್ಲಿ ಕೆಲವರಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಗರ್ಭಿಣಿಯರ ಪೈಕಿ ಶೇಕಡಾ 52.2 ಮಂದಿಗೆ ರಕ್ತಹೀನತೆ ಕಂಡುಬಂತು. ಕರ್ನಾಟಕದಲ್ಲಿ ಶೇಕಡಾ 45.7. ಅದೇ ಸಮೀಕ್ಷೆಯಲ್ಲಿ, ಬಸುರಿಯಾಗಿದ್ದಾಗ 100 ದಿನವಾದರೂ ಈ ಮಾತ್ರೆ ನುಂಗಿದ ತಾಯಂದಿರು ದೇಶದಲ್ಲಿ ಶೇಕಡಾ 44.1, 180 ದಿನ ಪೂರೈಸಿದವರು ಶೇಕಡಾ 26 ಮಾತ್ರ. ಐವತ್ತು ವರ್ಷ ಹಂಚಿದ ಮೇಲಿನ ಲೆಕ್ಕ ಇದು. ಮಾತ್ರೆ ಮನೆಗೆ ಬಂದರೂ ಬಾಯಿಗೆ ಹೋಗದೆ ಅಕ್ಕಿ ಡಬ್ಬಿಯ ಹಿಂದೆ, ಕಿಟಕಿಯ ಮೇಲೆ ಉಳಿಯುತ್ತದೆ. ಮನೆಭೇಟಿಗೆ ಹೋಗುವ ಗುರುಗಳೂ ಸಿಸ್ಟರುಗಳೂ ಇದನ್ನು ಕಣ್ಣಾರೆ ಕಂಡಿದ್ದೇವೆ.

ಸುಲಭವಾದ ತೀರ್ಪು ಯಾವುದೆಂದರೆ: "ಈಗಿನ ಹುಡುಗಿಯರಿಗೆ ಜವಾಬ್ದಾರಿ ಇಲ್ಲ." ಹಳ್ಳಿಯವರಾದರೆ "ಅವರಿಗೆ ತಿಳಿವಳಿಕೆ ಇಲ್ಲ." ಈ ಎರಡು ತೀರ್ಪುಗಳನ್ನೂ ನಾನು ಒಪ್ಪುವುದಿಲ್ಲ. ಮಾತ್ರೆ ಬೇಡವೆನ್ನುವ ಹೆಣ್ಣಿನ ಮಾತನ್ನು ಕೂತು ಕೇಳಿದರೆ ಅಲ್ಲಿ ಕಾರಣಗಳಿರುತ್ತವೆ. ಆ ಕಾರಣಗಳಲ್ಲಿ ಕೆಲವು ಸತ್ಯ, ಕೆಲವು ತಪ್ಪು ತಿಳಿವಳಿಕೆ. ಕಾರಣವೇ ಇಲ್ಲ ಎಂಬುದು ಮಾತ್ರ ಅಪರೂಪ.

ಮಾರ್ಕ್ ನಿಕ್ಟರ್ ಮತ್ತು ಮಿಮಿ ನಿಕ್ಟರ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞ ದಂಪತಿ ನಮ್ಮದೇ ದಕ್ಷಿಣ ಕನ್ನಡದ ಹಳ್ಳಿಗಳಲ್ಲಿ ಹೆಂಗಸರೊಡನೆ ಮಾತನಾಡಿ 1983ರಲ್ಲಿ ಒಂದು ಲೇಖನ ಪ್ರಕಟಿಸಿದರು. ಬಸುರಿಯಾದಾಗ ಹೆಚ್ಚು ತಿನ್ನಬೇಕೆಂದು ಅಲ್ಲಿನ ಅನೇಕ ಹೆಂಗಸರು ಒಪ್ಪುತ್ತಿರಲಿಲ್ಲ. ಹೊಟ್ಟೆ ಒಂದೇ, ಅನ್ನಕ್ಕೂ ಮಗುವಿಗೂ ಅದೇ ಜಾಗ, ಅನ್ನ ಹೆಚ್ಚಾದರೆ ಮಗುವಿಗೆ ಜಾಗ ಕಡಿಮೆ ಎಂಬುದು ಅವರ ಎಣಿಕೆ. ಅದಲ್ಲದೆ ಮಗು ಬಹಳ ದಪ್ಪವಾದರೆ ಹೆರಿಗೆ ಕಷ್ಟ. ದೇಹರಚನೆಯ ವಿಷಯದಲ್ಲಿ ಇದು ತಪ್ಪು ತಿಳಿವಳಿಕೆ, ನಿಜ. ಆದರೆ ಆಸ್ಪತ್ರೆ ದೂರವಿದ್ದ, ಹೊಳೆ ದಾಟಿ ಹೋಗಬೇಕಾಗಿದ್ದ ಕಾಲದಲ್ಲಿ ಹೆರಿಗೆ ಸುಲಭವಾಗಲಿ ಎಂದು ಬಯಸಿದವಳನ್ನು ಅವಿವೇಕಿ ಎನ್ನಲು ಸಾಧ್ಯವೇ? ಅವಳು ತನ್ನ ಜೀವದ ಲೆಕ್ಕ ಹಾಕುತ್ತಿದ್ದಳು. ಆ ಲೆಕ್ಕವನ್ನು ಅವಳ ಪರವಾಗಿ ಬೇರೆ ಯಾರೂ ಹಾಕುತ್ತಿರಲಿಲ್ಲ.

"ಬಸುರಿಯಲ್ಲಿ ಮಾತ್ರೆ ಮುಟ್ಟಬಾರದು" ಎನ್ನುವ ಅಜ್ಜಿಯರನ್ನೂ ತಳ್ಳಿಹಾಕಬೇಡಿ. 1957ರಿಂದ 1961ರವರೆಗೆ ಥಾಲಿಡೊಮೈಡ್ ಎಂಬ ಔಷಧವನ್ನು ಜರ್ಮನಿಯಲ್ಲೂ ಇತರ ದೇಶಗಳಲ್ಲೂ ಗರ್ಭಿಣಿಯರ ವಾಕರಿಕೆಗೆ ಕೊಡಲಾಯಿತು. ಅದು ನಿರಪಾಯವೆಂದೇ ತಯಾರಕರು ಹೇಳಿದ್ದರು. ಹತ್ತು ಸಾವಿರಕ್ಕೂ ಹೆಚ್ಚು ಶಿಶುಗಳು ಕೈಕಾಲುಗಳ ಊನದೊಂದಿಗೆ ಹುಟ್ಟಿದವು. ಬಸುರಿಯ ಹೊಟ್ಟೆಗೆ ಹೋಗುವುದನ್ನೆಲ್ಲ ಅನುಮಾನದಿಂದ ನೋಡುವುದು ಹೀಗೆ ಕಲಿತ ಪಾಠ. ಅದನ್ನು ಮೌಢ್ಯವೆಂದು ಕರೆಯುವುದು ಅನ್ಯಾಯ. ದೇಹಕ್ಕೆ ಹೊರಗಿನದಾದ ಔಷಧ ಬೇರೆ, ದೇಹದಲ್ಲಿ ಇರಲೇಬೇಕಾದ ಅಂಶವನ್ನು ತುಂಬುವುದು ಬೇರೆ ಎಂಬ ವ್ಯತ್ಯಾಸವನ್ನು ತಾಳ್ಮೆಯಿಂದ ವಿವರಿಸಬೇಕು, ಅಷ್ಟೆ.

ಉಳಿದ ಕಾರಣಗಳು ನಿಮಗೂ ಗೊತ್ತು. ಬಾಯಿ ತುಂಬ ಕಬ್ಬಿಣ ನೆಕ್ಕಿದ ರುಚಿ. ವಾಕರಿಕೆ, ಮಲಬದ್ಧತೆ. ಮಲ ಕಪ್ಪಾಗುವುದನ್ನು ಕಂಡು ಭಯ (ದೇಹ ಹೀರಿಕೊಳ್ಳದ ಕಬ್ಬಿಣಾಂಶ ಹಾಗೆ ಹೊರಹೋಗುತ್ತದೆ, ಅಪಾಯವಿಲ್ಲ). ಮಾತ್ರೆ ಉಷ್ಣವೆಂಬ ನಂಬಿಕೆ. ಮಗು ಕಪ್ಪಾಗುತ್ತದೆ ಎಂಬ ಹೆದರಿಕೆಯೂ ಇದೆ. ಮಗುವಿನ ಬಣ್ಣ ತಂದೆತಾಯಿಗಳಿಂದ ಬರುವುದೇ ಹೊರತು ಕಬ್ಬಿಣದಿಂದಲೂ ಬರುವುದಿಲ್ಲ, ಕೇಸರಿ ಹಾಲಿನಿಂದಲೂ ಬರುವುದಿಲ್ಲ. ಇನ್ನೂ ಹುಟ್ಟದ ಕೂಸಿನ ಬಣ್ಣಕ್ಕಾಗಿ ಇಷ್ಟೊಂದು ತಲೆಬಿಸಿ ಮಾಡಿಕೊಳ್ಳುವ ನಮ್ಮ ಸಮಾಜದ ಬಗ್ಗೆ ಬೇರೆಯೇ ಲೇಖನ ಬರೆಯಬೇಕು, ಇಂದು ಬೇಡ.

ಇನ್ನು ಕರ್ತವ್ಯದ ಪ್ರಶ್ನೆಗೆ ಬರೋಣ. ಆಹಾರ, ಔಷಧಗಳ ವಿಷಯದಲ್ಲಿ ಮನುಷ್ಯನಿಗೆ ಎಷ್ಟು ಕರ್ತವ್ಯವಿದೆ ಎಂಬುದನ್ನು ಧರ್ಮಸಭೆಯ ಚಿಂತಕರು ಬಹಳ ಹಿಂದೆಯೇ ವಿಚಾರಮಾಡಿದ್ದಾರೆ. ಹದಿನಾರನೆಯ ಶತಮಾನದಲ್ಲಿ ಸ್ಪೇನಿನ ಸಲಮಾಂಕ ವಿಶ್ವವಿದ್ಯಾಲಯದಲ್ಲಿ ಫ್ರಾನ್ಸಿಸ್ಕೊ ದೆ ವಿತೋರಿಯ ಎಂಬ ದೊಮಿನಿಕನ್ ಗುರುಗಳಿದ್ದರು. ಮಿತಾಹಾರದ ಬಗ್ಗೆ ಅವರು ನೀಡಿದ ಉಪನ್ಯಾಸದಲ್ಲಿ ಎರಡು ಮಾತುಗಳು ನಮ್ಮ ವಿಷಯಕ್ಕೆ ಹೇಳಿಮಾಡಿಸಿದಂತಿವೆ. ಜೀವ ಉಳಿಸಿಕೊಳ್ಳಲು ಸಾಮಾನ್ಯ ಆಹಾರ ಸೇವಿಸುವುದು ಮನುಷ್ಯನ ಕರ್ತವ್ಯ. ಆದರೆ ಅತ್ಯುತ್ತಮವಾದ, ಅತಿ ದುಬಾರಿಯಾದ ಆಹಾರವನ್ನೇ ತಿನ್ನಬೇಕೆಂಬ ಕಟ್ಟುಪಾಡು ಯಾರಿಗೂ ಇಲ್ಲ, ಅದರಿಂದ ಆಯುಷ್ಯ ಹೆಚ್ಚುತ್ತದೆಂದು ವೈದ್ಯನೇ ಹೇಳಿದರೂ ಸಹ. ಇದು ಮೊದಲನೆಯದು. ರೋಗಿಗೆ ಊಟವೇ ಚಿತ್ರಹಿಂಸೆಯಂತಾಗಿ, ಒಂದು ತುತ್ತು ನುಂಗುವುದೂ ಅಸಾಧ್ಯವೆನಿಸುವಷ್ಟು ಜಿಗುಪ್ಸೆ ಬಂದಿದ್ದರೆ ಅವನು ತಿನ್ನದಿರುವುದು ಕ್ಷಮ್ಯ, ಕನಿಷ್ಠ ಪಕ್ಷ ಅದು ಘೋರ ಪಾಪವಲ್ಲ. ಇದು ಎರಡನೆಯದು. ಮುಂದೆ 1957ರಲ್ಲಿ ಪೋಪ್ ಹನ್ನೆರಡನೆಯ ಪಿಯುಸರು ವೈದ್ಯರನ್ನು ಉದ್ದೇಶಿಸಿ ಮಾತನಾಡುತ್ತಾ ಇದೇ ದಾರಿಯಲ್ಲಿ ನಡೆದರು: ವ್ಯಕ್ತಿ, ಸ್ಥಳ, ಕಾಲಗಳನ್ನು ನೋಡಿ, ತನಗಾಗಲಿ ಇತರರಿಗಾಗಲಿ ವಿಪರೀತ ಹೊರೆಯಾಗದ ಸಾಧಾರಣ ಉಪಾಯಗಳಿಗಷ್ಟೇ ಮನುಷ್ಯನು ಬದ್ಧನು ಎಂದರು.

ಈ ಅಳತೆಗೋಲನ್ನು ಹಿಡಿದು ನೋಡಿ. ಉಚಿತವಾಗಿ ಸಿಗುವ, ದಿನಕ್ಕೊಂದರಂತೆ ನುಂಗುವ ಮಾತ್ರೆಗಿಂತ ಸಾಧಾರಣವಾದ ಉಪಾಯ ಇನ್ನಾವುದು? ತಡೆದುಕೊಳ್ಳಬಲ್ಲವಳು ಅದನ್ನು ತೆಗೆದುಕೊಳ್ಳಬೇಕು. ಇದರಲ್ಲಿ ಎರಡು ಮಾತಿಲ್ಲ. ಆದರೆ ತಿಂಗಳುಗಟ್ಟಲೆ ವಾಂತಿಯಿಂದ ಬಸವಳಿದ ಹೆಣ್ಣಿಗೆ ಅದೇ ಮಾತ್ರೆ ಹಿಂಸೆಯಾಗಬಹುದು. ಅವಳ ಮುಂದೆ ಪಾಪಪ್ರಜ್ಞೆಯ ಮಾತೆತ್ತುವುದು ಕ್ರೌರ್ಯ. ಆಗ ಕರ್ತವ್ಯ ಇತರರ ಹೆಗಲಿಗೆ ಬರುತ್ತದೆ. ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ "ಇದು ಇವಳಿಗೆ ಆಗುತ್ತಿಲ್ಲ, ಬೇರೆ ದಾರಿ ಹೇಳಿ" ಎಂದು ಕೇಳುವ ಕರ್ತವ್ಯ ಗಂಡನದು. ದಾರಿಗಳಿವೆ: ರಾತ್ರಿ ಊಟವಾದ ಮೇಲೆ ನುಂಗುವುದು, ಬೇರೆ ಬಗೆಯ ಕಬ್ಬಿಣಾಂಶ, ತೀರ ಅಗತ್ಯವಾದರೆ ರಕ್ತನಾಳದ ಮೂಲಕ ಕೊಡುವುದು. ವೈದ್ಯರ ಮುಂದೆ "ತಗೊಳ್ತಾ ಇದ್ದೀನಿ ಡಾಕ್ಟ್ರೇ" ಎಂದು ಸುಳ್ಳು ಹೇಳಿ ಬರುವ ಹೆಣ್ಣುಮಕ್ಕಳು ಎಷ್ಟಿಲ್ಲ! ಬೈಗುಳಕ್ಕೆ ಹೆದರಿ ಹೇಳುವ ಸುಳ್ಳು ಅದು. ಬೈಯುವವರಿಗೂ ಅದರಲ್ಲಿ ಪಾಲಿದೆ ಎಂದೇ ನನ್ನ ಅಭಿಪ್ರಾಯ.

ವಿತೋರಿಯ ಅವರ ಮೊದಲನೆಯ ಮಾತು ಪಟ್ಟಣದ ಮನೆಗಳಿಗೆ. ಅಲ್ಲಿ ಉಚಿತ ಮಾತ್ರೆಯ ಬಗ್ಗೆ ತಾತ್ಸಾರ. ಜಾಹೀರಾತಿನಲ್ಲಿ ಕಂಡ ಪೌಡರ್ ಡಬ್ಬಿಯ ಬಗ್ಗೆ ಅಪಾರ ಭಕ್ತಿ. ಡಬ್ಬಿ ತರದಿದ್ದರೆ ಮಗುವಿನ ಬುದ್ಧಿ ಚುರುಕಾಗುವುದಿಲ್ಲವೇನೋ ಎಂದು ಸಾಲ ಮಾಡಿ ತರುವ ಬಡ ಗಂಡಂದಿರೂ ಇದ್ದಾರೆ. ದಯವಿಟ್ಟು ಕೇಳಿ: ವೈದ್ಯರು ನಿಮ್ಮ ಸ್ಥಿತಿ ನೋಡಿ ಬರೆದುಕೊಟ್ಟದ್ದಲ್ಲದ ದುಬಾರಿ ಡಬ್ಬಿಯನ್ನು ಕೊಳ್ಳಲಾಗದ ತಾಯಿ ತನ್ನ ಮಗುವಿಗೆ ಯಾವ ಅನ್ಯಾಯವನ್ನೂ ಮಾಡಿಲ್ಲ. ಆ ಹಣದಲ್ಲಿ ಹಾಲು, ಮೊಟ್ಟೆ, ಕಡಲೆಕಾಯಿ, ಕಾಳು ಬರುತ್ತವೆ. ಹೆಚ್ಚು ತಿಂದಷ್ಟೂ ಒಳ್ಳೆಯದು ಎಂಬುದೂ ಸುಳ್ಳು. ವಿಟಮಿನ್ ‘ಎ’ ಅತಿಯಾದರೆ ಗರ್ಭದ ಶಿಶುವಿಗೆ ಊನವಾಗಬಹುದೆಂದು 1995ರಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನ ತೋರಿಸಿತು. ಸಂತ ಥಾಮಸ್ ಅಕ್ವಿನಾಸರು ವಿವೇಕವನ್ನು ಇತರ ನೈತಿಕ ಸದ್ಗುಣಗಳಿಗೆಲ್ಲ ಮಾರ್ಗದರ್ಶಿಯೆಂದು ಕರೆದದ್ದು ಸುಮ್ಮನೆ ಅಲ್ಲ. ಭಯದಿಂದ ಕೊಳ್ಳುವ ಕೈ ವಿವೇಕದ ಕೈಯಲ್ಲ.

ಈಗ ಮೊದಲಿನ ಪ್ರಶ್ನೆ: ಮಾತ್ರೆ ಯಾರಿಗಾಗಿ?

ಇದಕ್ಕೆ ಇತಿಹಾಸವೇ ಒಂದು ಉತ್ತರ ಕೊಡುತ್ತದೆ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಮುಂಬಯಿಗೆ ಬಂದರು. ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಡ ಹೆಂಗಸರು ಬಸುರಿಯಾದಾಗ ತೀವ್ರವಾದ ಒಂದು ಬಗೆಯ ರಕ್ತಹೀನತೆಯಿಂದ ನರಳುತ್ತಿದ್ದರು, ಸಾಯುತ್ತಲೂ ಇದ್ದರು. ರೋಗಾಣುವಿನ ಕೆಲಸವಿರಬಹುದೇ ಎಂದು ಹುಡುಕಿದ ಅವರಿಗೆ ಕಾರಣ ಕಂಡದ್ದು ಊಟದ ತಟ್ಟೆಯಲ್ಲಿ. ಇಂಗ್ಲೆಂಡಿನಲ್ಲಿ ಬ್ರೆಡ್ಡಿಗೆ ಸವರಿ ತಿನ್ನುವ ಮಾರ್ಮೈಟ್ ಎಂಬ ಅಗ್ಗದ ಯೀಸ್ಟ್ ಸಾರವನ್ನು ಕೊಟ್ಟಾಗ ಆ ಹೆಂಗಸರು ಚೇತರಿಸಿಕೊಂಡರು. 1931ರಲ್ಲಿ ಅವರು ಇದನ್ನು ಪ್ರಕಟಿಸಿದರು. ಯೀಸ್ಟಿನಲ್ಲಿದ್ದ ಆ ಅಂಶವೇ ಮುಂದೆ ಫೋಲಿಕ್ ಆಮ್ಲ ಎನಿಸಿಕೊಂಡಿತು. 1941ರಲ್ಲಿ ಪಾಲಕ್ ಸೊಪ್ಪಿನಿಂದ ಅದನ್ನು ಬೇರ್ಪಡಿಸಿದವರು ಲ್ಯಾಟಿನ್ ಭಾಷೆಯ ‘ಎಲೆ’ ಎಂಬ ಪದದಿಂದ ಆ ಹೆಸರಿಟ್ಟರು. ಮಗುವಿನ ಬೆನ್ನುಹುರಿಯ ಊನವನ್ನು ಫೋಲಿಕ್ ಆಮ್ಲ ತಡೆಯುತ್ತದೆ ಎಂಬುದು ಖಚಿತವಾಗಿ ತಿಳಿದದ್ದು ಇದಕ್ಕೆ ಅರವತ್ತು ವರ್ಷಗಳ ನಂತರ, 1991ರಲ್ಲಿ. ಹಿಂದೆ ಅಂಥ ಊನವುಳ್ಳ ಮಗುವನ್ನು ಹೆತ್ತಿದ್ದ ತಾಯಂದಿರಲ್ಲಿ ಅದು ಮರುಕಳಿಸುವುದು ಶೇಕಡಾ 72ರಷ್ಟು ಕಡಿಮೆಯಾಯಿತು. ಅಂದರೆ ನಾವು "ಮಗುವಿಗೋಸ್ಕರ" ಎನ್ನುವ ಈ ಅಂಶ ಪತ್ತೆಯಾದದ್ದು ಸಾಯುತ್ತಿದ್ದ ತಾಯಂದಿರಿಗೋಸ್ಕರ.

ಕಬ್ಬಿಣಾಂಶವೂ ಹಾಗೆಯೇ. ಹೆರಿಗೆಯಲ್ಲಿ ರಕ್ತ ಹೋಗುತ್ತದೆ. ರಕ್ತ ತುಂಬಿರುವವಳು ತಡೆದುಕೊಳ್ಳುತ್ತಾಳೆ. ಮೊದಲೇ ರಕ್ತವಿಲ್ಲದವಳಿಗೆ ಅಷ್ಟೇ ಸ್ರಾವ ಮಾರಕವಾಗಬಹುದು. ಮಗುವಿಗೆ ಹಿತವಾಗುತ್ತದೆ, ತೂಕ ಕಡಿಮೆಯಾಗದೆ ಹುಟ್ಟಲು ಸಹಾಯವಾಗುತ್ತದೆ, ನಿಜ. ಆದರೆ ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವವಳು, ನೀರು ಹೊತ್ತು ತಂದು ಗೋಡೆ ಹಿಡಿದು ನಿಲ್ಲುವವಳು, ಅವಳೂ ದೇವರ ಪ್ರತಿರೂಪವಲ್ಲವೇ? ಮನುಷ್ಯನನ್ನು ಎಂದಿಗೂ ಕೇವಲ ಸಾಧನವಾಗಿ ನೋಡಕೂಡದು ಎಂದು ತತ್ತ್ವಜ್ಞಾನಿ ಕಾಂಟ್ ವಾದಿಸಿದುದನ್ನು ನಾವು ಸೆಮಿನರಿಯಲ್ಲಿ ಓದಿದ್ದೆವು. ಗರ್ಭದ ಶಿಶುವಿನ ಜೀವ ಅಮೂಲ್ಯವೆಂದು ವೇದಿಕೆಯಿಂದ ಸಾರುವ ನಾವು, ಆ ಶಿಶುವನ್ನು ಹೊತ್ತವಳನ್ನು ಪೋಷಕಾಂಶ ಸಾಗಿಸುವ ಕೊಳವೆಯೆಂಬಂತೆ ಮಾತನಾಡಿಸಿದರೆ ನಮ್ಮ ಬೋಧನೆಯೇ ಅರ್ಧವಾಗುತ್ತದೆ. "ನಿನಗೋಸ್ಕರ ಬೇಡ" ಎಂಬ ಮಾತನ್ನು ನಾವು ಮೊದಲು ಬಿಡಬೇಕು. ತನಗೋಸ್ಕರ ಏನನ್ನೂ ಬಯಸಬಾರದೆಂದು ಚಿಕ್ಕಂದಿನಿಂದ ಕಲಿತ ಹೆಣ್ಣು, ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಂಡು ಬೆಳೆದ ಹೆಣ್ಣು ಮದುವೆಯಾಗಿ ಬರುವಾಗಲೇ ರಕ್ತ ಕಡಿಮೆಯಾಗಿ ಬಂದಿರುತ್ತಾಳೆ. ರೋಗದ ಬೇರು ಅಲ್ಲಿದೆ. ಅದೇ ಮಾತನ್ನು ಔಷಧವಾಗಿ ಕೊಟ್ಟರೆ ಹೇಗೆ?

ತಾಯಿಯ ಹೊರೆಯನ್ನೇ ಲೆಕ್ಕಕ್ಕೆ ತೆಗೆದುಕೊಂಡು ನಡೆದ ಸಂಶೋಧನೆಯೂ ಉಂಟು, ಅದೂ ನಮ್ಮ ಮನೆಯ ಬಾಗಿಲಲ್ಲೇ. ಗರ್ಭಿಣಿಯರಲ್ಲಿ ರಕ್ತದೊತ್ತಡ ಏರಿ ಬರುವ ಅಪಾಯಕಾರಿ ಸ್ಥಿತಿಯನ್ನು ತಡೆಯಲು ಕ್ಯಾಲ್ಸಿಯಂ ಕೊಡುತ್ತಾರೆ. ದಿನಕ್ಕೆ 1500 ಮಿಲಿಗ್ರಾಂ ಎಂದರೆ ಮಾತ್ರೆಗಳ ರಾಶಿ. ಅದರ ಬದಲು 500 ಮಿಲಿಗ್ರಾಂ ಸಾಕೇ ಎಂದು ಬೆಂಗಳೂರಿನಲ್ಲಿ ಸಂತ ಜಾನರ ಸಂಶೋಧನಾ ಸಂಸ್ಥೆಯವರೂ, ಆಫ್ರಿಕಾದ ತಾಂಜಾನಿಯದಲ್ಲಿ ಇತರರೂ ತಲಾ 11,000 ಚೊಚ್ಚಲ ಬಸುರಿಯರಲ್ಲಿ ಪರೀಕ್ಷಿಸಿದರು. ಆ ಸ್ಥಿತಿಯನ್ನು ತಡೆಯುವುದರಲ್ಲಿ ಕಡಿಮೆ ಪ್ರಮಾಣವೂ ಹಿಂದೆ ಬೀಳಲಿಲ್ಲವೆಂದು 2024ರಲ್ಲಿ ಪ್ರಕಟವಾಯಿತು. "ಇಷ್ಟೊಂದು ಮಾತ್ರೆ ಹೇಗೆ ನುಂಗಲಿ?" ಎಂಬ ಹೆಣ್ಣಿನ ಗೊಣಗಾಟಕ್ಕೆ ಕಿವಿಗೊಟ್ಟರೆ ಹೀಗೂ ಆಗಬಹುದು. (ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗಳನ್ನು ಒಟ್ಟಿಗೆ ನುಂಗಬೇಡಿ; ನಡುವೆ ಎರಡು ಗಂಟೆಯಾದರೂ ಬಿಡಿ ಎನ್ನುತ್ತಾರೆ ವೈದ್ಯರು.)

ಪವಿತ್ರ ಗ್ರಂಥದಲ್ಲಿ ಬಸುರಿಯ ಆಹಾರದ ಬಗ್ಗೆಯೇ ಒಂದು ಪ್ರಸಂಗವಿದೆ. ನ್ಯಾಯಸ್ಥಾಪಕರ ಗ್ರಂಥದ 13ನೆಯ ಅಧ್ಯಾಯವನ್ನು ತೆಗೆದು ನೋಡಿ. ಸಂಸೋನನ ತಾಯಿ ಏನು ಕುಡಿಯಬಾರದು, ಏನು ತಿನ್ನಬಾರದು ಎಂಬುದನ್ನು ಹೇಳಲು ದೇವದೂತನು ಬಂದದ್ದು ಅವಳ ಬಳಿಗೆ. ಗಂಡ ಮಾನೋಹನು ತನಗೂ ಹೇಳಬೇಕೆಂದು ಪ್ರಾರ್ಥಿಸಿದ ಮೇಲೆ ದೂತನು ಮತ್ತೆ ಬಂದ. ಆಗಲೂ ಹೊಲದಲ್ಲಿ ಒಬ್ಬಳೇ ಕುಳಿತಿದ್ದ ಅವಳ ಬಳಿಗೇ. ಅವಳು ಓಡಿಹೋಗಿ ಗಂಡನನ್ನು ಕರೆತಂದಳು. ಅವನಿಗೆ ದೂತನು ಹೇಳಿದ್ದರಲ್ಲಿ ಹೊಸದೇನೂ ಇಲ್ಲ, ಅವಳಿಗೆ ಹೇಳಿದ್ದನ್ನೇ ಹೇಳಿದ. ಕೊನೆಗೆ ಮಾನೋಹನು ಸತ್ತೇಹೋಗುತ್ತೇವೆಂದು ನಡುಗಿದಾಗ, ಹಾಗಾಗುವುದಿಲ್ಲ ಎಂದು ಕಾರಣ ಸಹಿತ ವಿವರಿಸಿ ಧೈರ್ಯ ಹೇಳಿದವಳೂ ಅವಳೇ. ಗ್ರಂಥ ಅವಳ ಹೆಸರನ್ನು ಹೇಳುವುದಿಲ್ಲ, ಅದೊಂದು ಕೊರತೆ. ಆದರೆ ಅವಳ ದೇಹದ ವಿಷಯವನ್ನು ಅವಳೊಡನೆ ಮಾತನಾಡಬೇಕು ಎಂಬ ಮರ್ಯಾದೆ ಸ್ವರ್ಗದ ದೂತನಿಗಿತ್ತು. ನಮ್ಮಲ್ಲಿ ಅನೇಕ ಕಡೆ ಬಸುರಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಅತ್ತೆಯೂ ವೈದ್ಯರೂ ತಮ್ಮ ತಮ್ಮಲ್ಲೇ ಮಾತನಾಡಿ ಮುಗಿಸುತ್ತಾರೆ.

ಹಾಗೆಂದು ಗಂಡಂದಿರು ಹಿಂದೆ ಸರಿದು ನಿಲ್ಲುವಂತಿಲ್ಲ. ಮಗುವಿನ ಮೆದುಳು, ಬೆನ್ನುಹುರಿಯಾಗುವ ನಾಳ ಗರ್ಭ ನಿಂತ 28 ದಿನಗಳೊಳಗೇ ಮುಚ್ಚಿಕೊಳ್ಳುತ್ತದೆ. ಎಷ್ಟೋ ಮಂದಿಗೆ ತಾವು ಬಸುರಿಯೆಂದು ತಿಳಿಯುವುದೇ ಆಮೇಲೆ. ಆದ್ದರಿಂದ ಫೋಲಿಕ್ ಆಮ್ಲ ಅದಕ್ಕೂ ಮುಂಚೆಯೇ ಆರಂಭವಾಗಬೇಕು. ನಮ್ಮ ವಿವಾಹ ಸಿದ್ಧತೆಯ ಶಿಬಿರಗಳಲ್ಲಿ ಇದನ್ನು ಹುಡುಗರಿಗೂ ಹೇಳಲು ಹತ್ತು ನಿಮಿಷ ಸಾಕು. ತಪಸ್ಸು ಕಾಲದ ಉಪವಾಸದ ಬಗ್ಗೆಯೂ ಒಂದು ಮಾತು: ಗರ್ಭಿಣಿಯರಿಗೂ ಹಾಲೂಡಿಸುವ ತಾಯಂದಿರಿಗೂ ಅದರಿಂದ ವಿನಾಯಿತಿ ಇರುವುದು ಧರ್ಮಸಭೆಯ ಹಳೆಯ ರೂಢಿ. ಭಕ್ತಿಗೆಂದು ಹೊಟ್ಟೆ ಖಾಲಿ ಬಿಡುವ ಬಸುರಿಯರು ತಮ್ಮ ಗುರುಗಳನ್ನು ಕೇಳಿ ನೋಡಲಿ.

ಕೊನೆಯದಾಗಿ, ಹೆಚ್ಚಿನವರ ಗಮನಕ್ಕೆ ಬಾರದ ಒಂದು ಸಂಗತಿ. ಕೆಂಪು ಮಾತ್ರೆಯನ್ನು ಹೆರಿಗೆಯಾದ ಮೇಲೂ 180 ದಿನ ತೆಗೆದುಕೊಳ್ಳಬೇಕೆಂದು ಅದೇ ಸರ್ಕಾರಿ ಕ್ರಮ ಹೇಳುತ್ತದೆ. ಹೆರಿಗೆಯಲ್ಲಿ ಹೋದ ರಕ್ತ ಮತ್ತೆ ತುಂಬಬೇಕಲ್ಲ. ಆದರೆ ಮಗು ತೊಟ್ಟಿಲಿಗೆ ಬಂದ ಮೇಲೆ ಮಾತ್ರೆ ತಗೊಂಡ್ಯಾ ಎಂದು ಕೇಳುವವರು ಇಲ್ಲವಾಗುತ್ತಾರೆ. ಬಾಣಂತನದ ಸಾರು, ಕಾಯ, ಎಣ್ಣೆ ನೀರು ಎಲ್ಲ ಕ್ರಮವಾಗಿ ನಡೆಯುತ್ತವೆ. ದೀಕ್ಷಾಸ್ನಾನಕ್ಕೆ ನೆಂಟರು ಬಂದು ಮಗುವಿನ ಮೂಗು ಯಾರದು, ಕಣ್ಣು ಯಾರದು ಎಂದು ಚರ್ಚಿಸುತ್ತಾರೆ. ಆಸ್ಪತ್ರೆಯಿಂದ ತಂದ ಚೀಲದ ತಳದಲ್ಲಿ ಸ್ಟ್ರಿಪ್‌ಗಳು ಒಡೆಯದೆ ಉಳಿದಿರುತ್ತವೆ. ಈ ತಿಂಗಳು ನೀವು ಯಾವುದಾದರೂ ಮನೆಗೆ ಮಗು ನೋಡಲು ಹೋಗುವವರಿದ್ದರೆ, ಮಗುವನ್ನು ಎತ್ತಿಕೊಂಡು ಮುದ್ದಾಡಿದ ಮೇಲೆ ಒಳಕೋಣೆಯಲ್ಲಿರುವ ಬಾಣಂತಿಯ ಬಳಿ ಹೋಗಿ ಐದು ನಿಮಿಷ ಕುಳಿತುಕೊಳ್ಳಿ. ಊಟ ಸೇರುತ್ತಿದೆಯೇ, ನಿದ್ದೆ ಬರುತ್ತಿದೆಯೇ, ಮಾತ್ರೆ ಇನ್ನೂ ಎಷ್ಟು ಉಳಿದಿದೆ ಎಂದು ಅವಳನ್ನೇ ಕೇಳಿ.